ಓಡಿಹೋದ ಗಾಬ್ಲಿನ್ ವಾಪಸ್ ಬರುತ್ತದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಮೇಜಿನ ಸುತ್ತ ಕೂತು ಡೈಸ್ ಹಾಕುತ್ತಾ ಕಥೆಯಾಗಿ ಆಡುವ ಆಟ. ಮೊದಲ ಸೆಷನ್. ಕಾಡುದಾರಿ. ಪೊದೆಯಿಂದ ನಾಲ್ಕು ಗಾಬ್ಲಿನ್, ಅಂದರೆ ಪುಟ್ಟ ರಾಕ್ಷಸರು, ಹಾರಿ ಬರುತ್ತವೆ, ದಾರಿಗೆ ಅಡ್ಡವಾಗಿ ಸಾಲಾಗಿ ನಿಲ್ಲುತ್ತವೆ. ಫೈಟರ್ ಎರಡನ್ನು ಕಡಿಯುತ್ತಾನೆ, ವಿಝರ್ಡ್ ಒಂದನ್ನು ಸುಡುತ್ತಾಳೆ, ಉಳಿದ ಒಂದು ಅಲ್ಲೇ ನಿಂತು ಹೊಡೆದಾಡಿ ಸಾಯುತ್ತದೆ. ಜೇಬಲ್ಲಿ ಆರು ತಾಮ್ರದ ನಾಣ್ಯ. ಮುಗೀತು.

ಇಂಥ ಜಗಳ ಎರಡು ಸಲ ಆದರೆ ಸಾಕು. ಆಮೇಲೆ ನೀವು "ಗಾಬ್ಲಿನ್" ಅನ್ನುವಷ್ಟರಲ್ಲಿ ಒಬ್ಬರು ಚಿಪ್ಸ್ ಪ್ಯಾಕೆಟ್ಟಿಗೆ ಕೈ ಹಾಕಿರುತ್ತಾರೆ, ಇನ್ನೊಬ್ಬರು ಫೋನ್ ನೋಡುತ್ತಿರುತ್ತಾರೆ. ಆಗ ಬಹಳಷ್ಟು ಡಿಎಂಗಳು (ಆಟ ನಡೆಸುವವರು) ಮಾಡುವ ಕೆಲಸ ಅಂದ್ರೆ ಎಚ್‌ಪಿ, ಅಂದರೆ ಎಷ್ಟು ಪೆಟ್ಟು ತಡೆಯಬಲ್ಲದು ಅನ್ನುವ ಅಂಕಿ, ಜಾಸ್ತಿ ಮಾಡುವುದು. 7 ಇದ್ದದ್ದನ್ನು 30 ಮಾಡಿ, ಕೈಗೊಂದು ದೊಡ್ಡ ಕತ್ತಿ ಕೊಟ್ಟು ಬಿಡುತ್ತಾರೆ. ಇದರಿಂದ ಯಾರಿಗೂ ಭಯ ಆಗುವುದಿಲ್ಲ, ಜಗಳ ಎಳೆಯುತ್ತದೆ ಅಷ್ಟೇ. ಅದು ಗಾಬ್ಲಿನ್ನೂ ಅಲ್ಲ, ಓರ್ಕ್ ಅನ್ನುವ ದೊಡ್ಡ ರಾಕ್ಷಸನಿಗೆ ಹಸಿರು ಬಣ್ಣ ಬಳಿದ ಹಾಗೆ.

ನನ್ನ ಪ್ರಕಾರ ಗಾಬ್ಲಿನ್‌ಗಳಿಗೆ ಕೊರತೆ ಇರುವುದು ಬಲದ್ದಲ್ಲ. ನಾವು ಅವಕ್ಕೆ ಜೀವದ ಆಸೆ ಕೊಟ್ಟಿರುವುದಿಲ್ಲ, ಅಷ್ಟೇ ಸಮಸ್ಯೆ. ಮೂರಡಿ ಎತ್ತರದ ಪ್ರಾಣಿ, ತನಗಿಂತ ದೊಡ್ಡವರೇ ತುಂಬಿರುವ ಲೋಕದಲ್ಲಿ ಇಷ್ಟು ಕಾಲ ಬದುಕಿದೆ ಅಂದ್ರೆ ಅದು ಎದುರು ನಿಂತು ಹೊಡೆದಾಡಿ ಬದುಕಿರೋಕೆ ಸಾಧ್ಯವೇ ಇಲ್ಲ ಅಲ್ವಾ? ಅದು ಓಡಿಹೋಗಿ ಬದುಕಿದೆ. ಓಡಿಹೋಗಿದ್ದು ಪಾಠ ಕಲಿತಿರುತ್ತದೆ, ಮತ್ತೆ ಬರುತ್ತದೆ. ಇಡೀ ಉಪಾಯ ಇಷ್ಟೇ, ಆದರೆ ಮೇಜಿನ ಮೇಲೆ ಇದನ್ನು ಮಾಡಿ ತೋರಿಸೋಕೆ ಸ್ವಲ್ಪ ಕೆಲಸ ಇದೆ.

ಮೊದಲು ಹಾಳೆಯನ್ನು ಸರಿಯಾಗಿ ಓದಿ

ನಾನು ಇಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ಗಾಬ್ಲಿನ್ ಹಾಳೆಯ ಲೆಕ್ಕ ಹಿಡಿದುಕೊಂಡು ಹೇಳುತ್ತೇನೆ, ಹೆಚ್ಚಿನವರು ಆಡಿರುವುದು ಅದನ್ನೇ. ಬೇರೆ ಆಟ ಆಡುವವರು ಅಂಕಿ ಬದಲಾಯಿಸಿಕೊಳ್ಳಿ, ಬುದ್ಧಿ ಅದೇ.

ಎಸಿ 15, ಅಂದರೆ ಏಟು ತಾಗೋಕೆ ಡೈಸ್‌ನಲ್ಲಿ ಮುಟ್ಟಬೇಕಾದ ಅಂಕಿ. ಎಚ್‌ಪಿ 7. ಬಿಲ್ಲೋ ಕತ್ತಿಯೋ, ಯಾವುದಾದರೂ ಡೈಸ್‌ಗೆ +4, ತಾಗಿದರೆ 1ಡಿ6+2, ಅಂದರೆ ಆರು ಮುಖದ ಒಂದು ಡೈಸ್‌ಗೆ ಎರಡು ಕೂಡಿಸಿದಷ್ಟು ಪೆಟ್ಟು. ಅಡಗೋಕೆ, ಅಂದರೆ ಸ್ಟೆಲ್ತ್, +6. ಕತ್ತಲಲ್ಲಿ 60 ಅಡಿ ಕಣ್ಣು ಕಾಣುತ್ತದೆ. ಬುದ್ಧಿ 10, ಅಂದರೆ ಒಬ್ಬ ಸಾಮಾನ್ಯ ಮನುಷ್ಯನಿಗೆ ಎಷ್ಟಿದೆಯೋ ಅಷ್ಟೇ. ಈ ಕೊನೆಯ ಅಂಕಿಯನ್ನು ಯಾರೂ ನೋಡುವುದೇ ಇಲ್ಲ. ಗಾಬ್ಲಿನ್ ದಡ್ಡ ಅಂತ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ, ನಾವೇ ದಡ್ಡತನದಿಂದ ಆಡಿಸುತ್ತೇವೆ.

ಇನ್ನು ನಿಂಬಲ್ ಎಸ್ಕೇಪ್ ಅಂತ ಒಂದು ಸಾಲಿದೆ. ಬೋನಸ್ ಆಕ್ಷನ್‌ನಲ್ಲಿ, ಅಂದರೆ ಹೊಡೆತದ ಜೊತೆಗೆ ಸಿಗುವ ಸಣ್ಣ ಕೆಲಸದಲ್ಲಿ, ಡಿಸ್‌ಎಂಗೇಜ್ ಆಗಬಹುದು (ಏಟು ತಿನ್ನದೆ ಜಾರಿಕೊಳ್ಳಬಹುದು), ಇಲ್ಲವೇ ಅಡಗಿಕೊಳ್ಳಬಹುದು. ಪ್ರತಿ ಸುತ್ತಿನಲ್ಲೂ, ಪುಕ್ಕಟೆ. ಗಾಬ್ಲಿನ್‌ನ ಪೂರ್ತಿ ಶಕ್ತಿ ಇರುವುದು ಈ ಸಾಲಿನಲ್ಲಿ. ಇದನ್ನು ಬಳಸದೆ ಗಾಬ್ಲಿನ್ ಆಡಿಸುವುದು, ಬೆಂಕಿ ಉಗುಳದ ಡ್ರ್ಯಾಗನ್ ತಂದು ನಿಲ್ಲಿಸಿದ ಹಾಗೆ.

ಬಳಸುವುದು ಹೀಗೆ. ಗಾಬ್ಲಿನ್ ಬಂಡೆಯ ಹಿಂದಿದೆ. ಇಣುಕಿ ಬಾಣ ಬಿಡುತ್ತದೆ. ಮತ್ತೆ ಬಂಡೆಯ ಹಿಂದೆ ಸರಿದು ಬೋನಸ್ ಆಕ್ಷನ್‌ನಲ್ಲಿ ಅಡಗುತ್ತದೆ. ಪಾರ್ಟಿಯವರ (ಆಟಗಾರರ ಪಾತ್ರಗಳ ಗುಂಪಿನವರ) ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಸುಮ್ಮನಿದ್ದಾಗಲೂ ಗಮನಿಸುವ ಅಂಕಿ, 13 ಇದ್ದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ 7 ಅಥವಾ ಹೆಚ್ಚು ಬಿದ್ದರೂ ಸಾಕು, ಹತ್ತರಲ್ಲಿ ಏಳು ಸಲ ಅದು ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಸುತ್ತಿನಲ್ಲಿ ಅಡಗಿದ ಜಾಗದಿಂದ ಹೊಡೆಯುವುದರಿಂದ ಅಡ್ವಾಂಟೇಜ್, ಅಂದರೆ ಎರಡು ಸಲ ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು.

ಈ ಅಡ್ವಾಂಟೇಜ್ ಎಷ್ಟು ದೊಡ್ಡದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಚೈನ್‌ಮೇಲ್ ತೊಟ್ಟು ಗುರಾಣಿ ಹಿಡಿದ ಫೈಟರ್, ಎಸಿ 18. ಗಾಬ್ಲಿನ್‌ಗೆ 14 ಬೀಳಬೇಕು, ಅಂದರೆ 35 ಶೇಕಡಾ. ಅಡ್ವಾಂಟೇಜ್ ಸಿಕ್ಕರೆ ಅದೇ 35, ಸುಮಾರು 58 ಆಗುತ್ತದೆ. ಹತ್ತು ಗಾಬ್ಲಿನ್ ಎದುರು ನಿಂತು ಹೊಡೆದರೆ ಒಂದು ಸುತ್ತಿನಲ್ಲಿ ಸರಾಸರಿ 21 ಡ್ಯಾಮೇಜ್. ಅದೇ ಹತ್ತು ಅಡಗಿಕೊಂಡು ಹೊಡೆದರೆ 35. ಎಚ್‌ಪಿ ಒಂದೂ ಹೆಚ್ಚಿಸಿಲ್ಲ, ಆಯುಧ ಬದಲಾಯಿಸಿಲ್ಲ, ನಿಂತ ಜಾಗ ಮಾತ್ರ ಬೇರೆ.

ಡಿಸ್‌ಎಂಗೇಜ್ ಕೂಡ ಅಷ್ಟೇ ಕಿರಿಕಿರಿ. ಓಡಿಬಂದು ಇರಿದು, ದೂರ ಸರಿಯುವವರಿಗೆ ಬೀಳುವ ಏಟಿಗೆ, ಅಂದರೆ ಆಪರ್ಚ್ಯೂನಿಟಿ ಅಟ್ಯಾಕ್‌ಗೆ, ಸಿಗದೆ ಜಾರಿಕೊಂಡು ಹೋಗುತ್ತದೆ. ಫೈಟರ್ ದಾರಿಗೆ ಅಡ್ಡ ನಿಂತು "ನನ್ನನ್ನು ದಾಟಿ ಹೋಗಿ ನೋಡೋಣ" ಅಂದರೆ ಗಾಬ್ಲಿನ್ ನಿಜವಾಗಲೂ ಪಕ್ಕದಿಂದ ದಾಟಿ ಹೋಗುತ್ತದೆ, ಹಿಂದೆ ಇರುವ ವಿಝರ್ಡ್ ಹತ್ತಿರ. ಮೊದಲ ಲೆವೆಲ್ ವಿಝರ್ಡ್‌ಗೆ ಎಚ್‌ಪಿ 8 ಇದ್ದರೆ ಹೆಚ್ಚು. ಒಂದು ಬಾಣಕ್ಕೆ ಸರಾಸರಿ ಐದೂವರೆ. ಎರಡು ಬಾಣ ತಾಗಿದರೆ ಅವಳು ನೆಲದ ಮೇಲೆ.

ಅಂದಹಾಗೆ, ಮೊದಲ ಲೆವೆಲ್‌ನ ನಾಲ್ಕು ಜನಕ್ಕೆ ನಾಲ್ಕು ಗಾಬ್ಲಿನ್ ಅಂದ್ರೆ ಅದೇ 2014ರ ಡಿಎಂ ಪುಸ್ತಕದ ಲೆಕ್ಕದಲ್ಲಿ ಡೆಡ್ಲಿ, ಅಂದರೆ ಜೀವಕ್ಕೇ ಅಪಾಯ. ಸೋಲಿಸಿದರೆ ಸಿಗುವ ಅಂಕ, ಅಂದರೆ ಎಕ್ಸ್‌ಪಿ, ತಲಾ 50, ನಾಲ್ಕಕ್ಕೆ 200, ಗುಂಪಿಗೆ ಎರಡರಿಂದ ಗುಣಿಸಿದರೆ 400, ಡೆಡ್ಲಿಯ ಗೆರೆ ಇರುವುದೂ 400ಕ್ಕೇ. ಅಂದರೆ ಪುಸ್ತಕ ಬರೆದವರಿಗೆ ಗಾಬ್ಲಿನ್ ಮೇಲೆ ಮರ್ಯಾದೆ ಇತ್ತು. ನಾವು ಕಳೆದಿದ್ದೇವೆ.

ಕತ್ತಲೆ

ಗಾಬ್ಲಿನ್‌ಗಳು ಹಗಲು ಬಯಲಲ್ಲಿ ಬಂದರೆ ನೀವು ಅವಕ್ಕೆ ಮೋಸ ಮಾಡಿದ ಹಾಗೆ. ಅವು ರಾತ್ರಿ ಬರಲಿ.

ಪಂಜಿನ ಬೆಳಕು 20 ಅಡಿವರೆಗೆ ಚೆನ್ನಾಗಿರುತ್ತದೆ, ಇನ್ನೊಂದು 20 ಅಡಿ ಮಸುಕು. 40 ಅಡಿಯಾಚೆ ಏನೂ ಕಾಣುವುದಿಲ್ಲ. ಗಾಬ್ಲಿನ್ ಬಿಲ್ಲು 80 ಅಡಿವರೆಗೆ ಸಲೀಸಾಗಿ ಹೊಡೆಯುತ್ತದೆ. 50 ಅಡಿ ದೂರದಲ್ಲಿ ಕತ್ತಲಲ್ಲಿ ನಿಂತ ಗಾಬ್ಲಿನ್‌ಗೆ, ಪಂಜು ಹಿಡಿದವನ ಮೂಗಿನ ಮೇಲಿನ ಬೆವರೂ ಕಾಣುತ್ತದೆ, ಅವನಿಗೆ ಗಾಬ್ಲಿನ್ ಕಾಣುವುದಿಲ್ಲ. ಕಾಣದ ಜಾಗದಿಂದ ಬರುವ ಏಟಿಗೆ ಅಡ್ವಾಂಟೇಜ್, ಕಾಣದ್ದನ್ನು ಹೊಡೆಯೋಕೆ ಹೋದರೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡರಲ್ಲಿ ಚಿಕ್ಕ ಡೈಸ್ ಲೆಕ್ಕಕ್ಕೆ. ಪಂಜು ಎಸೆದರೆ ಎಲ್ಲರೂ ಕುರುಡರು, ಹಿಡಿದುಕೊಂಡರೆ ಎಲ್ಲರಿಗೂ ಗುರಿ. ಈ ಇಕ್ಕಟ್ಟು ನೀವು ಹೇಳಬೇಕಾಗಿಲ್ಲ, ಎರಡನೇ ಬಾಣಕ್ಕೆ ಅವರಿಗೇ ಗೊತ್ತಾಗುತ್ತದೆ.

ಪಾರ್ಟಿಯಲ್ಲಿ ಎಲ್ಫ್, ಡ್ವಾರ್ಫ್ ಇದ್ದರೆ ಅವರಿಗೂ ಕತ್ತಲಲ್ಲಿ ಕಾಣುತ್ತದೆ, ಸರಿ. ಆದರೆ ಹೆಚ್ಚಿನವರಿಗೆ 60 ಅಡಿಯೇ. ಅರುವತ್ತೈದನೇ ಅಡಿಯಲ್ಲಿ ನಿಂತ ಗಾಬ್ಲಿನ್‌ಗೆ ಪಾರ್ಟಿಯ ಪಂಜು ಕಾಣುತ್ತದೆ, ಯಾಕೆಂದರೆ ಬೆಳಕಿನಲ್ಲಿರುವುದನ್ನು ನೋಡೋಕೆ ಡಾರ್ಕ್‌ವಿಷನ್ ಬೇಕಾಗಿಲ್ಲ. ಒಬ್ಬ ಮನುಷ್ಯನಿಗಾಗಿ ಹಚ್ಚಿದ ಪಂಜು ಎಲ್ಲರನ್ನೂ ಹಿಡಿದುಕೊಡುತ್ತದೆ.

ರಾತ್ರಿಯ ಇನ್ನೊಂದು ಲಾಭ ನಿದ್ದೆ. ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ರಾತ್ರಿ ಒಂದು ದಾಳಿ ಮಾಡಿದರೆ ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಹಾಳಾಗುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಐದು ಸುತ್ತಿನ ಜಗಳ ಅಂದ್ರೆ ಅರ್ಧ ನಿಮಿಷ, ಅಷ್ಟಕ್ಕೆಲ್ಲ ರೆಸ್ಟ್ ಮುರಿಯಿತು ಅಂದರೆ ಆಟಗಾರರು ಪುಸ್ತಕ ತೆಗೆದು ತೋರಿಸುತ್ತಾರೆ, ತೋರಿಸಲಿ. ಗಾಬ್ಲಿನ್‌ಗೆ ಬೇಕಿರುವುದು ಅದಲ್ಲ. ಫೈಟರ್ ಪ್ಲೇಟ್ ಕವಚ ಬಿಚ್ಚಿಟ್ಟು ಮಲಗಿದ್ದಾನೆ. ಅದನ್ನು ಮತ್ತೆ ತೊಡೋಕೆ 10 ನಿಮಿಷ ಬೇಕು, ಒಂದು ಸುತ್ತು 6 ಸೆಕೆಂಡ್, ಅಂದರೆ 100 ಸುತ್ತು. ಇಷ್ಟು ದಿನ ಬಾಣ ತಾಗದ ಮನುಷ್ಯ ಬರೀ ಅಂಗಿಯಲ್ಲಿ ನಿಂತಿದ್ದಾನೆ. ಆ ರಾತ್ರಿ ನಾಲ್ಕು ಗಾಬ್ಲಿನ್ ಸಾಕು.

ಮತ್ತೆ ಅವು ಸಾಯಿಸೋಕೇ ಬರಬೇಕು ಅಂತಿಲ್ಲ. ಕುದುರೆ ಬಿಚ್ಚಿಕೊಂಡು ಹೋಗಲಿ. ಬಿಚ್ಚಿಟ್ಟ ಬೂಟುಗಳನ್ನು ಹೊತ್ತೊಯ್ಯಲಿ. ಒಮ್ಮೆ ನನ್ನ ಗಾಬ್ಲಿನ್‌ಗಳು ಗಾಯ ವಾಸಿಮಾಡುವ ಕ್ಲೆರಿಕ್‌ನ ಎಡಗಾಲಿನ ಬೂಟು ಒಂದನ್ನೇ ಕದ್ದುಕೊಂಡು ಹೋದವು. ಆ ಬೂಟಿನ ವಿಷಯ ಆಟಗಾರರು ಆರು ಸೆಷನ್ ಮಾತಾಡಿದರು, ಅದೇ ತಿಂಗಳು ನಾನು ಕಷ್ಟಪಟ್ಟು ಬರೆದ ವ್ಯಾಂಪೈರ್ ಬಗ್ಗೆ ಒಂದು ಮಾತೂ ಇಲ್ಲ.

ಬಿಲ, ಮತ್ತೆ ಬಿಲದ ಬಾಯಿ

ಗಾಬ್ಲಿನ್ ಗುಹೆಯನ್ನು ಮನುಷ್ಯರ ಅಳತೆಗೆ ಬಿಡಿಸಬೇಡಿ. ಮೂರಡಿ ಎತ್ತರದವರು ಏಳಡಿಯ ಬಾಗಿಲು ಯಾಕೆ ಕೊರೆಯುತ್ತಾರೆ? ಒಂದು ದೊಡ್ಡ ದಾರಿ ಇರಲಿ, ಅದು ಅತಿಥಿಗಳಿಗೆ. ಉಳಿದವೆಲ್ಲ ಗಾಬ್ಲಿನ್ ಅಳತೆಯವು. ಮೀಡಿಯಂ ಗಾತ್ರದವರು ಅದರಲ್ಲಿ ನುಗ್ಗಬೇಕಾದರೆ ಸ್ಕ್ವೀಜಿಂಗ್ ನಿಯಮ ಹಾಕಿ: ಒಂದಡಿಗೆ ಇನ್ನೊಂದಡಿ ಹೆಚ್ಚು ಖರ್ಚು, ಹೊಡೆಯೋಕೆ ಡಿಸ್‌ಅಡ್ವಾಂಟೇಜ್, ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳೋಕೆ ಹಾಕುವ ಡೆಕ್ಸ್ ಸೇವ್‌ಗೂ ಡಿಸ್‌ಅಡ್ವಾಂಟೇಜ್, ಅವರನ್ನು ಹೊಡೆಯುವವರಿಗೆ ಅಡ್ವಾಂಟೇಜ್. ನಕ್ಷೆಯ ಮೇಲೆ ಸ್ಮಾಲ್‌ಗೂ ಮೀಡಿಯಂಗೂ ಒಂದೇ 5 ಅಡಿ ಚೌಕ ಅಂತ ಯಾರಾದರೂ ವಾದ ತೆಗೆದರೆ, ಅವರನ್ನು ಊಟದ ಮೇಜಿನ ಕೆಳಗೆ ನುಗ್ಗಿ ಕತ್ತಿ ಬೀಸೋಕೆ ಹೇಳಿ.

ಎರಡೂವರೆ ಅಡಿಯ ಬಿಲದಲ್ಲಿ ಮೊಣಕೈ ಊರಿ ತೆವಳುತ್ತಿರುವ ಫೈಟರ್. ಮುಂದೆ ಕತ್ತಲೆ. ಹಿಂದೆ ಕ್ಲೆರಿಕ್‌ನ ತಲೆ ಇವನ ಕಾಲಿಗೆ ತಾಗುತ್ತಿದೆ. ಗೋಡೆಯಲ್ಲಿ ಅಂಗೈಯಗಲದ ತೂತುಗಳು, ಅದರಾಚೆ ಯಾರೋ ಉಸಿರಾಡುವ ಸದ್ದು. ಆಮೇಲೆ ಎಣ್ಣೆಯ ವಾಸನೆ. ಇಷ್ಟೇ ಹೇಳಿ ಸುಮ್ನೆ ಕೂತುಕೊಳ್ಳಿ, ಡೈಸ್ ಮುಟ್ಟಬೇಡಿ. ಮೇಜಿನ ಸುತ್ತ ಮಾತು ನಿಲ್ಲುತ್ತದೆ.

ಇದು ಹೊಸ ಉಪಾಯವೇನಲ್ಲ. 1987ರಲ್ಲಿ, ಈ ಆಟದ ಡ್ರ್ಯಾಗನ್ ಪತ್ರಿಕೆಯ 127ನೇ ಸಂಚಿಕೆಯಲ್ಲಿ, ಟಕರ್ ಅನ್ನುವ ಡಿಎಂನ ಕೋಬೋಲ್ಡ್‌ಗಳ ಕಥೆ ಬಂದಿತ್ತು. ಗಾಬ್ಲಿನ್‌ಗಿಂತಲೂ ಪುಟ್ಟ ಕೋಬೋಲ್ಡ್‌ಗಳು ಬಲಿಷ್ಠ ಪಾರ್ಟಿಯೊಂದನ್ನು ಬೆಂಕಿ, ಇಕ್ಕಟ್ಟಾದ ದಾರಿ, ಗೋಡೆಯ ತೂತು ಇವಿಷ್ಟರಿಂದಲೇ ಓಡಿಸುವ ಕಥೆ. ಇವತ್ತಿಗೂ ಹಳೇ ಡಿಎಂಗಳ ಬಾಯಲ್ಲಿ ಆ ಹೆಸರು ಬರುತ್ತದೆ.

ಟ್ರ್ಯಾಪ್‌ಗಳ ಬಗ್ಗೆ ಒಂದೇ ಮಾತು. ಮ್ಯಾಜಿಕ್ ಬೇಡ. ಹಗ್ಗ, ಗುಂಡಿ, ಚೂಪು ಕಡ್ಡಿ, ಬಲೆ, ಸಂತೆಯಲ್ಲಿ ಸಿಗುವ ಕ್ಯಾಲ್ಟ್ರಾಪ್ ಮುಳ್ಳುಗಳು. ಕ್ಯಾಲ್ಟ್ರಾಪ್ ಮೇಲೆ ಕಾಲಿಟ್ಟು ಡಿಸಿ 15, ಅಂದರೆ 15 ಮುಟ್ಟಬೇಕಾದ, ಸೇವ್ ತಪ್ಪಿದರೆ ಡ್ಯಾಮೇಜ್ ಬರೀ 1, ಆದರೆ ಅಲ್ಲೇ ನಿಲ್ಲಬೇಕು, ಆಮೇಲೂ ವೇಗ 10 ಅಡಿ ಕಮ್ಮಿ. ಗಾಬ್ಲಿನ್ ಟ್ರ್ಯಾಪ್ ಕೊಲ್ಲುವುದಿಲ್ಲ. ಬಿಲ್ಲುಗಳ ಮುಂದೆ ನಿಲ್ಲಿಸುತ್ತದೆ.

ಓಡುವುದನ್ನು ಕಲಿಸಿ

ಇದೇ ಆಟದ 1981ರ ಬೇಸಿಕ್ ನಿಯಮಗಳಲ್ಲಿ ಪ್ರತಿ ಪ್ರಾಣಿಗೂ ಮೊರೇಲ್, ಅಂದರೆ ಧೈರ್ಯ, ಅಂತ ಒಂದು ಅಂಕಿ ಇತ್ತು. ಗುಂಪಿನಲ್ಲಿ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧ ಗುಂಪು ಬಿದ್ದಾಗ ಒಮ್ಮೆ, ಎರಡು ಡಿ6 ಹಾಕಿ ನೋಡಬೇಕು. ಅಂಕಿಗಿಂತ ಹೆಚ್ಚು ಬಿದ್ದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಗಾಬ್ಲಿನ್‌ಗೆ 7, ಅವುಗಳ ರಾಜ ಜೊತೆಗಿದ್ದರೆ 9. ರಾಜ ಇಲ್ಲದಿದ್ದರೆ ಸುಮಾರು 42 ಶೇಕಡಾ ಸಲ ಓಡುತ್ತವೆ, ಇದ್ದರೆ 17 ಶೇಕಡಾ ಮಾತ್ರ. ಎಷ್ಟು ಚಂದದ ನಿಯಮ ನೋಡಿ, ನಾಯಕ ಯಾಕೆ ಮುಖ್ಯ ಅನ್ನುವುದನ್ನು ಎರಡೇ ಅಂಕಿಯಲ್ಲಿ ಹೇಳಿಬಿಡುತ್ತದೆ. ಇದನ್ನು ಎತ್ತಿಕೊಂಡು ನಿಮ್ಮ ಆಟಕ್ಕೆ ಹಾಕಿ, ಯಾವ ಆವೃತ್ತಿಯಾದರೂ ಸರಿಯೇ, ಏನೂ ಕೆಡುವುದಿಲ್ಲ.

ಈಗ ಮುಖ್ಯ ವಿಷಯ. ಪ್ರತಿ ಜಗಳದಲ್ಲೂ ಒಂದಾದರೂ ಗಾಬ್ಲಿನ್ ತಪ್ಪಿಸಿಕೊಳ್ಳೋಕೆ ನೋಡಲಿ. ನಿಮ್ಮ ಕಡೆಯಿಂದ ಮೋಸ ಬೇಡ. ಡೈಸ್ ಹಾಕಿ, ಓಡಿಸಿ, ಅವರು ಹಿಡಿದರೆ ಹಿಡಿಯಲಿ. ಆದರೆ ಒಂದು ಬೇಹುಗಾರ ಗಾಬ್ಲಿನ್ ಮೊದಲಿಂದಲೂ ಮರದ ಮೇಲೆ ಕೂತು, ಬಾಣ ಬಿಡದೆ, ಬರೀ ನೋಡುತ್ತಿದ್ದರೆ ಅದನ್ನು ಹಿಡಿಯುವುದು ಕಷ್ಟ.

ನೋಡಿದ್ದನ್ನೆಲ್ಲ ಅದು ಹೋಗಿ ಹೇಳುತ್ತದೆ. ನೀವೊಂದು ಚೀಟಿ ಇಟ್ಟುಕೊಳ್ಳಿ, ಗಾಬ್ಲಿನ್‌ಗಳಿಗೆ ಪಾರ್ಟಿಯ ಬಗ್ಗೆ ಏನೇನು ಗೊತ್ತು ಅಂತ. ಚೀಟಿಯಲ್ಲಿ ಇಲ್ಲದ್ದನ್ನು ಅವು ಬಳಸಕೂಡದು, ಇದು ನಿಮಗೆ ನೀವೇ ಹಾಕಿಕೊಳ್ಳುವ ಕಟ್ಟು. ನನ್ನ ಒಂದು ಚೀಟಿಯಲ್ಲಿ ಹೀಗಿತ್ತು: ಕೆಂಪು ಹೆಂಗಸು ಬೆಂಕಿಯುಂಡೆ ಎಸೀತಾಳೆ, ಎರಡು ಸಲ. ಕಬ್ಬಿಣದವನು ನಿಧಾನ. ಗಡ್ಡದವನು ಬಿದ್ದವರನ್ನು ಎಬ್ಬಿಸ್ತಾನೆ, ಅವನನ್ನು ಮೊದಲು.

ಆ ಮೊದಲ ಸಾಲು ನೋಡಿ. ಆ ಬೆಂಕಿಯುಂಡೆ ಅಂದರೆ 5ನೇ ಲೆವೆಲ್‌ಗೆ ಸಿಗುವ ಫೈರ್‌ಬಾಲ್ ಮಂತ್ರ, ಸರಾಸರಿ 28 ಡ್ಯಾಮೇಜ್, ಸೇವ್ ಆದರೆ 14. ಗಾಬ್ಲಿನ್‌ಗೆ ಇರುವುದು 7. ಸೇವ್ ಆದರೂ ಬೂದಿ, ಆಗದಿದ್ದರೂ ಬೂದಿ. ಹಾಗಾಗಿ 5ನೇ ಲೆವೆಲ್ ಬಂದ ದಿನ ಪಾರ್ಟಿ ಗಾಬ್ಲಿನ್‌ಗಳನ್ನು ಮರೆತೇಬಿಡುತ್ತದೆ. ಆದರೆ ಒಮ್ಮೆ ಸುಟ್ಟುಕೊಂಡ ಗುಂಪು ಮತ್ತೆ 40 ಅಡಿಯ ವೃತ್ತದೊಳಗೆ ಒಟ್ಟಿಗೆ ನಿಲ್ಲುತ್ತದಾ? ಎರಡೆರಡಾಗಿ ಚದುರುತ್ತವೆ. ಆ ಲೆವೆಲ್‌ನಲ್ಲಿ ಅವಳ ಹತ್ತಿರ ಆ ಮಂತ್ರ ಹಾಕೋಕೆ ಖರ್ಚಾಗುವ ಮೂರನೇ ಹಂತದ ಸ್ಲಾಟ್ ಎರಡೇ ಇರುವುದು, ಒಂದು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಸಿಕ್ಕರೆ ಇನ್ನೊಂದು ವಾಪಸ್ ಬರುತ್ತದೆ. ಗಾಬ್ಲಿನ್‌ಗಳಿಗೆ ಸ್ಲಾಟ್ ಅನ್ನುವ ಪದ ಗೊತ್ತಿಲ್ಲ, ಆದರೆ ಎರಡಾದ ಮೇಲೆ ಅವಳು ಸುಮ್ಮನಾಗುತ್ತಾಳೆ, ಒಂದು ಗಂಟೆ ಕೂತೆದ್ದರೆ ಮತ್ತೆ ಶುರು ಮಾಡುತ್ತಾಳೆ ಅನ್ನುವುದು ಗೊತ್ತು. ಮೂರು ಗಾಬ್ಲಿನ್ ದೊಡ್ಡ ಗದ್ದಲ ಮಾಡುತ್ತಾ ಇಪ್ಪತ್ತರ ಹಾಗೆ ಕಾಣಿಸಿಕೊಳ್ಳುತ್ತವೆ, ಬೆಂಕಿ ಬೀಳುತ್ತದೆ. ಮತ್ತೆ ಮೂರು. ಮತ್ತೆ ಬೆಂಕಿ. ಅದಾದ ಮೇಲೆ ಅವಳು ಒಂದು ಗಂಟೆ ಕೂರದ ಹಾಗೆ ಹತ್ತು ಹತ್ತು ನಿಮಿಷಕ್ಕೊಂದು ಕಲ್ಲು, ಒಂದು ಬಾಣ. ಆಮೇಲೆ ನಿಜವಾದ ಇಪ್ಪತ್ತು.

ಚೀಟಿಯ ಮೂರನೇ ಸಾಲು ಇನ್ನೂ ಕ್ರೂರ. ಐದನೇ ಆವೃತ್ತಿಯಲ್ಲಿ ಬಿದ್ದವರನ್ನು ಎಬ್ಬಿಸುವುದು ಸುಲಭ, ಹಾಗಾಗಿ ಬೀಳುವುದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಪ್ರಜ್ಞೆ ತಪ್ಪಿ ಬಿದ್ದವರನ್ನು 5 ಅಡಿ ಒಳಗಿಂದ ಹೊಡೆದು ತಾಗಿದರೆ ಅದು ಕ್ರಿಟಿಕಲ್, ಎರಡು ಡೆತ್ ಸೇವ್ ಹೋದ ಹಾಗೆ, ಮೂರು ಹೋದರೆ ಸಾವು. ಎರಡು ಇರಿತಕ್ಕೆ ಕಥೆ ಮುಗಿಯುತ್ತದೆ. ಅದನ್ನು ಮಾಡಿ ಅಂತ ನಾನು ಹೇಳುವುದಿಲ್ಲ, ಮಾಡಬಲ್ಲವು ಅಂತ ತೋರಿಸಿ. ಬಿದ್ದ ಕ್ಲೆರಿಕ್‌ನ ಎದೆಯ ಮೇಲೆ ಒಂದು ಗಾಬ್ಲಿನ್ ಕೂತು, ಕುತ್ತಿಗೆಗೆ ಚೂರಿ ಒತ್ತಿ, ಹರಕುಮುರುಕು ಮಾತಿನಲ್ಲಿ ಹೇಳಲಿ: "ಕುದುರೆ ಕೊಡು. ಹಗ್ಗ ಕೊಡು. ಇಲ್ಲ ಅಂದ್ರೆ ಗಡ್ಡ ಸತ್ತ."

ಆಗ ಆಟಗಾರರು ಗಾಬ್ಲಿನ್ ಜೊತೆ ಚೌಕಾಸಿ ಮಾಡುತ್ತಾರೆ. ಎರಡು ವಾರದ ಹಿಂದೆ ನಗುತ್ತಿದ್ದವರು. ಕುದುರೆ ಕೊಡುತ್ತಾರೆ, ಗಾಬ್ಲಿನ್ ಮಾತು ಉಳಿಸಿಕೊಳ್ಳಲಿ. ಮಾತು ತಪ್ಪಿಸಬೇಡಿ, ತಪ್ಪಿಸಿದರೆ ಮುಂದೆ ಅವರು ಮಾತಾಡುವುದನ್ನೇ ಬಿಟ್ಟು ಬರೀ ಕಡಿಯುತ್ತಾರೆ.

ಹೀಗೆ ಎರಡು ಮೂರು ಸಲ ತಪ್ಪಿಸಿಕೊಂಡ ಗಾಬ್ಲಿನ್‌ಗೆ ನೀವು ಹೆಸರಿಡಬೇಡಿ. ಒಂದು ಗುರುತು ಕೊಡಿ ಸಾಕು, ಹರಿದ ಕಿವಿ ಅಥವಾ ಆ ಕದ್ದ ಬೂಟು. ಹೆಸರು ಆಟಗಾರರೇ ಇಡುತ್ತಾರೆ. ನಮ್ಮಲ್ಲಿ ಅದು ಕಿವಿಹರಕ ಆಯಿತು. ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗುತ್ತದೆ, ಕಿವಿಗೊಟ್ಟು ಕೇಳಿ. ಇಷ್ಟು ದಿನ "ಅದು ಬಂತು, ಅದನ್ನು ಹೊಡಿ" ಅನ್ನುತ್ತಿದ್ದವರು "ಅವನು ಬಂದ" ಅನ್ನೋಕೆ ಶುರು ಮಾಡುತ್ತಾರೆ. ಅದು ಅವನಾದ ದಿನ ನಿಮ್ಮ ಅರ್ಧ ಕೆಲಸ ಮುಗಿಯಿತು.

ಪಾರ್ಟಿಯನ್ನು ಬಿಟ್ಟು ಪಾರ್ಟಿಗೆ ಬೇಕಾದ್ದನ್ನು ಹೊಡೆಯಿರಿ

ಏಳನೇ, ಎಂಟನೇ ಲೆವೆಲ್ ಹೊತ್ತಿಗೆ ಎದುರಾಬದುರು ಜಗಳದಲ್ಲಿ ಗಾಬ್ಲಿನ್ ಏನು ಮಾಡಿದರೂ ಕಷ್ಟ. ಹಾಗಾದರೆ ಎದುರಾಬದುರು ಯಾಕೆ ಬೇಕು?

ಪಾರ್ಟಿ ನಾಲ್ಕೈದು ಜನ. ಒಂದು ಹೊತ್ತಿಗೆ ಒಂದೇ ಕಡೆ ಇರೋಕೆ ಸಾಧ್ಯ. ಗಾಬ್ಲಿನ್ ಇನ್ನೂರು ಇವೆ ಅಂದುಕೊಳ್ಳಿ. ಅವು ಹತ್ತು ಕಡೆ ಇರಬಹುದು. ಪಾರ್ಟಿ ಬೆಟ್ಟದ ಗುಹೆಗೆ ಹೋದ ರಾತ್ರಿ ಹಳ್ಳಿಯ ಕಣಜಕ್ಕೆ ಬೆಂಕಿ ಬೀಳುತ್ತದೆ. ಹಳ್ಳಿ ಕಾಯೋಕೆ ಕೂತರೆ ಸೇತುವೆ ಮುರಿಯುತ್ತದೆ. ಸೇತುವೆ ಹತ್ತಿರ ಹೋದರೆ ಬಾವಿಯಲ್ಲಿ ಸತ್ತ ಕುರಿ ತೇಲುತ್ತದೆ. ಪ್ರತಿಯೊಂದನ್ನೂ ಪಾರ್ಟಿ ಐದು ನಿಮಿಷದಲ್ಲಿ ತಡೆಯಬಲ್ಲದು, ಅಲ್ಲಿ ಇದ್ದಿದ್ದರೆ.

ಒಂದು ಹಾಳೆಯಲ್ಲಿ ಗಾಬ್ಲಿನ್‌ಗಳ ದಿನಚರಿ ಬರೆದಿಡಿ, ಪಾರ್ಟಿ ಏನೂ ಮಾಡದಿದ್ದರೆ ಮೂರನೇ ದಿನ ಏನಾಗುತ್ತದೆ, ಏಳನೇ ದಿನ ಏನಾಗುತ್ತದೆ ಅಂತ. ಪ್ರತಿಯೊಂದು ಹಾನಿಗೂ ಒಂದು ಮುಖ ಇರಲಿ. "ಹತ್ತು ಮನೆ ಸುಟ್ಟುಹೋದವು" ಅಂದರೆ ಆಟಗಾರರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಯಾವಾಗಲೂ ಇವರಿಗೆ ಬಾಣ ಮಾರುತ್ತಿದ್ದ ಮುದುಕ ಅಂಗಡಿ ಮುಂದೆ ಬೂದಿ ಕೆದಕುತ್ತಾ ಕೂತಿದ್ದಾನೆ, ಇವರನ್ನು ನೋಡಿ ಎದ್ದು ಒಳಗೆ ಹೋಗುತ್ತಾನೆ, ಒಂದು ಮಾತೂ ಆಡುವುದಿಲ್ಲ. ಇದು ನಾಟುತ್ತದೆ.

ಯಾಕೆ ಹೀಗೆ ಮಾಡುತ್ತಿವೆ ಅನ್ನುವುದಕ್ಕೆ ಕಾರಣ ಬೇಕು, ಸಣ್ಣದಾದರೂ ಸರಿ. ಹಸಿವು, ಹಿಂದಿನಿಂದ ಬೆನ್ನಟ್ಟುವ ಇನ್ನೇನೋ, ಗಾಬ್ಲಿನ್‌ಗಳ ದೊಡ್ಡ ನಂಟನಾದ ಒಬ್ಬ ಹಾಬ್‌ಗಾಬ್ಲಿನ್ ದಳಪತಿಯ ಹೊಡೆತ. ಕಾರಣ ಇದ್ದರೆ ಆಟಗಾರರಿಗೆ ಕತ್ತಿಯ ಹೊರತಾಗಿಯೂ ಒಂದು ದಾರಿ ಸಿಗುತ್ತದೆ. ಹಾಬ್‌ಗಾಬ್ಲಿನ್, ವಾರ್ಗ್ ಅನ್ನುವ ದೊಡ್ಡ ತೋಳ, ಇನ್ನೊಬ್ಬ ದೊಡ್ಡ ನಂಟ ಬಗ್‌ಬೇರ್, ಇವನ್ನೆಲ್ಲ ಮಿತವಾಗಿ ಬಳಸಿ. ವಾರ್ಗ್ ಸವಾರಿ ಮಾಡುವ ಎರಡು ಗಾಬ್ಲಿನ್ ಚೆನ್ನ, 50 ಅಡಿ ಓಡುತ್ತದೆ, ಕಚ್ಚಿ ಬೀಳಿಸುತ್ತದೆ, ಬಿದ್ದವನ ಮೇಲೆ ಹತ್ತಿರದ ಏಟಿಗೆಲ್ಲ ಅಡ್ವಾಂಟೇಜ್. ಹತ್ತು ತಂದರೆ ಮತ್ತೆ ಅದು ಗಾಬ್ಲಿನ್ ಆಟ ಅಲ್ಲ.

ನಾನು ಹಾಳು ಮಾಡಿದ ಸೆಷನ್

ಇದನ್ನೆಲ್ಲ ಕಲಿತ ಹೊಸತರಲ್ಲಿ ನಾನು ಎಲ್ಲವನ್ನೂ ಒಂದೇ ರಾತ್ರಿ ಬಳಸಿದೆ. ಕತ್ತಲೆ, ಬಿಲ, ಎಣ್ಣೆ, ಕ್ಯಾಲ್ಟ್ರಾಪ್, ಅಡಗಿಕೊಂಡ ಹನ್ನೆರಡು ಬಿಲ್ಲು. ಮೂರನೇ ಸುತ್ತಿಗೆ ಕ್ಲೆರಿಕ್ ಸತ್ತ, ಐದಕ್ಕೆ ಪಾರ್ಟಿಯ ಕಳ್ಳ, ಅಂದರೆ ರೋಗ್. ನನಗೆ ಒಳಗೊಳಗೇ ಖುಷಿ, ಗಾಬ್ಲಿನ್ ಅಂದ್ರೆ ಏನು ಅಂತ ತೋರಿಸಿದೆ ಅಂತ. ತಲೆ ಎತ್ತಿ ನೋಡಿದರೆ ಕ್ಲೆರಿಕ್ ಆಡುತ್ತಿದ್ದ ಗೆಳೆಯ ಸದ್ದಿಲ್ಲದೆ ತನ್ನ ಹಾಳೆ ಮಡಚುತ್ತಿದ್ದ. ಭಯ ಯಾರ ಮುಖದಲ್ಲೂ ಇರಲಿಲ್ಲ, ಬೇಜಾರು ಇತ್ತು. "ನಮಗೆ ಗೊತ್ತಾಗೋಕೆ ಏನಾದ್ರೂ ದಾರಿ ಇತ್ತಾ?" ಅಂತ ಒಬ್ಬಳು ಕೇಳಿದಳು. ಇರಲಿಲ್ಲ.

ಅವತ್ತಿಂದ ನನ್ನದೊಂದು ಕಟ್ಟುಪಾಡು: ಕೆಟ್ಟದ್ದು ಆಗುವ ಮೊದಲು ಮೂರು ಸುಳಿವು. ಬಿಲದ ಬಾಯಲ್ಲಿ ಸುಟ್ಟ ಕವಚದ ತುಂಡು ಬಿದ್ದಿದೆ. ಹಕ್ಕಿಗಳ ಸದ್ದಿಲ್ಲ. ಹಿಂದೆ ಹೋಗಿ ಬಂದ ಸೈನಿಕನೊಬ್ಬ ಹೆಂಡದಂಗಡಿಯಲ್ಲಿ "ಗೋಡೆಗೆ ಕಣ್ಣಿದೆ" ಅಂತ ಗೊಣಗುತ್ತಾನೆ. ಎರಡನ್ನು ಅವರು ಕಡೆಗಣಿಸುತ್ತಾರೆ, ಅದು ಲೆಕ್ಕದಲ್ಲೇ ಇದೆ. ಆಮೇಲೆ ಬಾಣ ಬಿದ್ದಾಗ ಅವರು ನಿಮ್ಮನ್ನು ಬೈಯುವುದಿಲ್ಲ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಮೇಜಿನ ಸುತ್ತ ಅದಕ್ಕಿಂತ ಒಳ್ಳೇ ಸದ್ದು ಇಲ್ಲ.

ಇನ್ನೊಂದು, ಅವರ ಉಪಾಯ ಫಲಿಸಲಿ. ಬಿಲಕ್ಕೆ ಹೊಗೆ ಹಾಕುತ್ತೇವೆ ಅಂದರೆ ಗಾಬ್ಲಿನ್‌ಗಳು ಕೆಮ್ಮುತ್ತಾ ಹೊರಗೆ ಬರಬೇಕು. "ಅವು ಅದನ್ನೂ ಯೋಚಿಸಿದ್ದವು" ಅಂತ ಪ್ರತಿ ಸಲ ಹೇಳಿದರೆ ಅವರು ಆಡುತ್ತಿರುವುದು ಗಾಬ್ಲಿನ್ ಜೊತೆ ಅಲ್ಲ, ನಿಮ್ಮ ಜೊತೆ. ಚೀಟಿ ಇರುವುದು ಅದಕ್ಕೇ. ಚೀಟಿಯಲ್ಲಿ ಹೊಗೆ ಇಲ್ಲ, ಹಾಗಾಗಿ ಈ ಸಲ ಗಾಬ್ಲಿನ್ ಸೋತವು. ಮುಂದಿನ ಸಲದ ಚೀಟಿಯಲ್ಲಿ ಹೊಗೆ ಇರುತ್ತದೆ.

ಅದೇ ಗೆಳೆಯರ ಜೊತೆ, ಹೊಸ ಪಾರ್ಟಿ, ಸುಮಾರು ಒಂದು ವರ್ಷ ಆದ ಮೇಲಿನ ಮಾತು. ಆರನೇ ಲೆವೆಲ್. ಹಳ್ಳದ ದಂಡೆಯಲ್ಲಿ ಸಣ್ಣದೊಂದು ಜಗಳ, ನಾಲ್ಕು ಸುತ್ತಿಗೆ ಮುಗಿಯಿತು. ಯಾರಿಗೂ ದೊಡ್ಡ ಗಾಯ ಇಲ್ಲ. ನಾನು ಕೊಳ್ಳೆಯ ಪಟ್ಟಿ ಓದೋಕೆ ಹೊರಟೆ. ವಿಝರ್ಡ್ ಆಡುವವಳು ಕೈ ಎತ್ತಿ ತಡೆದಳು.

"ನಾಣ್ಯ ಆಮೇಲೆ. ಹೆಣ ಎಷ್ಟಿದೆ, ಎಣಿಸಿ."

"ಎಂಟು," ಅಂದೆ.

ಅವಳು ತನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎಳೆದ ಗೀಟುಗಳನ್ನು ನೋಡಿದಳು. ಆಮೇಲೆ ಉಳಿದವರನ್ನು ನೋಡಿದಳು.

"ಬಂದಿದ್ದು ಒಂಬತ್ತು."